ಮೇಲಿನ ಬೀದಿಯ ಪಂಪು

ಕತ್ತರಿಯಮ್ಮನ ಹತ್ತಿರ ಬಟ್ಟೆ ಕೊಟ್ಟವರಿಗೆ ಹೊಲಿದ ಅಂಗಿಯ ಜೊತೆಗೆ ಉಳಿದ ಬಟ್ಟೆಯೂ ವಾಪಸು ಬರುತ್ತಿತ್ತು. ಊರಿನ ಬೇರೆ ದರ್ಜಿಗಳು ಉಳಿದದ್ದನ್ನು ತಮ್ಮ ಚೀಲಕ್ಕೆ ಸೇರಿಸಿ ತುಟಿಪಿಟಿಕ್ಕೆನ್ನದೆ ಕೂತಿರುವಾಗ ಈಕೆ ಮಾತ್ರ ಅಂಗೈಯಗಲದ ತುಂಡನ್ನೂ ಇಸ್ತ್ರಿ ಮಾಡಿ, ಮಡಿಸಿ, "ತಗೊಳ್ಳಿ, ನಿಮ್ಮದು ನಿಮಗೆ" ಎಂದು ಕೈಗಿಡುತ್ತಿದ್ದಳು. ಈ ಒಂದು ಗುಣದಿಂದಲೇ ಅವಳು ಪುರಸಭೆಯ ಚುನಾವಣೆ ಗೆದ್ದಳು ಎಂದರೆ ಉತ್ಪ್ರೇಕ್ಷೆಯಲ್ಲ. ಬೊಕ್ಕಸ ಬರಿದಾದ ಊರಿಗೆ ಕೈಬಿಗಿಯ ಹೆಂಗಸೇ ಸರಿ ಎಂದು ಸದಸ್ಯರೆಲ್ಲ ಸೇರಿ ಅವಳನ್ನೇ ಅಧ್ಯಕ್ಷೆ ಮಾಡಿದರು. ಅವಳು ಮೊದಲ ದಿನವೇ ಅಧ್ಯಕ್ಷರ ಕುರ್ಚಿಯ ಹರಿದ ಗವಸನ್ನು ಮನೆಗೆ ಒಯ್ದು ಹೊಲಿದು ತಂದಳು. ಹೊಸ ಕುರ್ಚಿಯ ಆಸೆಯಲ್ಲಿದ್ದ ಸಿಬ್ಬಂದಿಗೆ ಆಗಲೇ ಅರ್ಥವಾಯಿತು, ಇನ್ನು ಮುಂದೆ ಟೀ ಕೂಡ ಅರ್ಧ ಲೋಟವೇ ಎಂದು.

ಊರು ಗುಡ್ಡದ ಇಳಿಜಾರಿನಲ್ಲಿತ್ತು. ಕೆಳಗಿನ ಬೀದಿಗೆ ನಲ್ಲಿ ನೀರು ಬರುತ್ತಿತ್ತು, ನಡುವಿನ ಬೀದಿಗೆ ಬಂದರೆ ಬಂತು, ಮೇಲಿನ ಬೀದಿಗೆ ಹನಿಯೂ ಇಲ್ಲ. ಅಲ್ಲಿಯವರು ಕ್ಯಾನು ಹಿಡಿದು ಮೆಟ್ಟಿಲಿಳಿದು ಬಂದು, ತುಂಬಿಸಿಕೊಂಡು, ಉಸಿರು ಬಿಗಿಹಿಡಿದು ಹತ್ತಬೇಕು. ಕತ್ತರಿಯಮ್ಮನ ಅಕ್ಕನ ಮನೆ ಆ ಬೀದಿಯ ಕಟ್ಟಕಡೆಯದು. ತಾಯಿ ಇಲ್ಲದ ಮನೆಯಲ್ಲಿ ಇವಳನ್ನು ಸಾಕಿ, ಕತ್ತರಿ ಹಿಡಿಯಲು ಕಲಿಸಿದವಳೇ ಅಕ್ಕ. ಈಗ ಅವಳ ಮಂಡಿ ಸವೆದಿತ್ತು, ಭಾವನಿಗೆ ಉಬ್ಬಸ. ನೀರು ಹೊರುವುದೆಲ್ಲ ಅಕ್ಕನ ಪಾಲಿಗೆ. "ನಿನ್ನ ಮನೆಯೊಳಗೆ ನಲ್ಲಿ ತಿರುಗಿಸೋ ಹಾಗೆ ಮಾಡ್ತೀನಕ್ಕ, ನೋಡ್ತಿರು" ಎಂದು ಕತ್ತರಿಯಮ್ಮ ಅಧ್ಯಕ್ಷೆಯಾದ ಸಂಜೆಯೇ ಹೋಗಿ ಮಾತು ಕೊಟ್ಟು ಬಂದಿದ್ದಳು.

ಮಾತು ಕೊಡುವುದು ಸುಲಭ. ಊರಿನ ಸ್ವಂತ ಕಂದಾಯವೋ, ಸಂಬಳಕ್ಕೂ ಬೀದಿದೀಪಕ್ಕೂ ಸಾಲುತ್ತಿರಲಿಲ್ಲ. ದೊಡ್ಡ ಕೆಲಸ ಏನೇ ಇದ್ದರೂ ಕೇಂದ್ರ ಸರ್ಕಾರದ ಮುಂದೆ ಕೈಯೊಡ್ಡಬೇಕು. ಅದೃಷ್ಟಕ್ಕೆ ಆ ವರ್ಷ ಕೇಂದ್ರದಿಂದ ನೀರಿನ ಯೋಜನೆಯ ಹಣ ಬಂತು. ವರ್ಷಕ್ಕೊಂದು ಕಂತಿನ ಲೆಕ್ಕದಲ್ಲಿ. ಕತ್ತರಿಯಮ್ಮ ಗುತ್ತಿಗೆದಾರನನ್ನು ಎದುರಿಗೆ ಕೂರಿಸಿಕೊಂಡು, ಬಟ್ಟೆ ಅಂಗಡಿಯವನ ಜೊತೆ ಚೌಕಾಸಿ ಮಾಡುವ ಹಾಗೆಯೇ ಮಾಡಿದಳು. ಆತ ಹಣೆ ಒರೆಸಿಕೊಳ್ಳುತ್ತ ಎದ್ದು ಹೋದ. ನಡುವಿನ ಬೀದಿಗೆ ಹೊಸ ಪೈಪು ಬಿತ್ತು, ನೀರೂ ಬಂತು, ಮೇಲಾಗಿ ಕಂತಿನಲ್ಲಿ ಮೂರನೆಯ ಒಂದು ಭಾಗ ಹಾಗೇ ಉಳಿಯಿತು.

ಉಳಿದ ಹಣಕ್ಕೆ ಮೇಲಿನ ಬೀದಿಗೆ ನೀರೆತ್ತುವ ಪಂಪು ಸರಿಯಾಗಿ ಬರುತ್ತಿತ್ತು. ಆದರೆ ಪಂಪಿನ ವ್ಯಾಪಾರಿ, "ಎರಡು ತಿಂಗಳು ತಡೀರಿ, ಹೊಸ ಮಾಡೆಲ್ ಬಂದ್ಮೇಲೆ ಇದನ್ನೇ ಕಾಲು ಭಾಗ ಕಡಿಮೆಗೆ ಕೊಡ್ತೀನಿ" ಎಂದ. ಕತ್ತರಿಯಮ್ಮನ ಕಿವಿ ನೆಟ್ಟಗಾಯಿತು. ತಡೆದರೆ ಪಂಪೂ ಬಂತು, ಬೀದಿಯ ಕೊನೆಯವರೆಗೆ ಪೈಪಿಗೂ ಆಯಿತು.

ಪುರಸಭೆಯ ಅಕೌಂಟೆಂಟು ಮಾತ್ರ ಬಾಯಿ ಬಡಿದುಕೊಂಡ. "ಮೇಡಂ, ಲೆಕ್ಕದ ವರ್ಷ ಮುಗಿಯೋಕೆ ಮೂರು ವಾರ ಇದೆ. ಈಗಲೇ ತಗೊಂಡ್ಬಿಡಿ. ಅವನು ಹೇಳಿದ ರೇಟಿಗೇ ತಗೊಳ್ಳಿ. ಪಂಪು ಬೇಡ ಅಂದ್ರೆ ಇನ್ನೇನಾದ್ರೂ ತಗೊಳ್ಳಿ. ಒಟ್ಟಿನಲ್ಲಿ ಖರ್ಚು ಮಾಡಿ."

"ಏನಾದ್ರೂ ಅಂದ್ರೆ?"

"ಏನಾದ್ರೂ."

ಸಾರ್ವಜನಿಕರ ಹಣವನ್ನು ಏನಾದರೂ ಒಂದಕ್ಕೆ ಸುರಿಯಿರಿ ಎನ್ನುವವನನ್ನು ಯಾರು ತಾನೇ ನಂಬುತ್ತಾರೆ? ಇವನಿಗೂ ಆ ವ್ಯಾಪಾರಿಗೂ ಏನೋ ಒಳಗೊಳಗೇ ಇದೆ ಎಂದು ಕತ್ತರಿಯಮ್ಮ ಲೆಕ್ಕ ಹಾಕಿದಳು. "ನನ್ನ ಹತ್ತಿರ ಈ ಆಟ ನಡೆಯಲ್ಲ" ಎಂದು ಎಲ್ಲರ ಎದುರೇ ಹೇಳಿಯೂ ಬಿಟ್ಟಳು. ತಲೆ ನರೆಯುವವರೆಗೆ ಅದೇ ಮೇಜಿನಲ್ಲಿ ದುಡಿದ ಮನುಷ್ಯ ಅವನು. ಆ ದಿನದಿಂದ "ಆಗಲಿ ಮೇಡಂ" ಎನ್ನುವುದರ ಹೊರತು ಇನ್ನೊಂದು ಮಾತಾಡಲಿಲ್ಲ.

ವರ್ಷ ತಿರುಗಿತು. ಉಳಿದ ಹಣ ಕೇಂದ್ರಕ್ಕೆ ವಾಪಸು ಹೋಯಿತು. ಹೋದರೆ ಹೋಗಲಿ, ಎರಡನೆಯ ಕಂತಿನ ಜೊತೆ ಸೇರಿ ಬರುತ್ತದೆ ಎಂದುಕೊಂಡಿದ್ದ ಕತ್ತರಿಯಮ್ಮನಿಗೆ ಎರಡನೆಯ ಕಂತೇ ಐದರಲ್ಲೊಂದು ಪಾಲಾಗಿ ಬಂದದ್ದು ನೋಡಿ ತಲೆ ಗಿರ್ರೆಂದಿತು. ಅದರಲ್ಲಿ ಪಂಪು ಬರುತ್ತಿರಲಿಲ್ಲ. ಪಂಪಿಲ್ಲದೆ ಮೇಲಿನ ಬೀದಿಗೆ ಪೈಪು ಹಾಕಲು ಮಂಜೂರಾತಿಯೂ ಇಲ್ಲ. ಎಲ್ಲೋ ತಪ್ಪಾಗಿದೆ ಎಂದು ಅವಳು ಬಸ್ಸು ಹತ್ತಿ ರಾಜಧಾನಿಗೆ ಹೋದಳು.

ಅನುದಾನ ವಿಭಾಗದ ಅಧಿಕಾರಿ ಒಳ್ಳೆಯವನೇ. ಊಟ ಮಾಡುತ್ತಿದ್ದ ಡಬ್ಬಿ ಮುಚ್ಚಿಟ್ಟು, ಕುರ್ಚಿ ಎಳೆದು ಕೊಟ್ಟ. ಕಥೆಯೆಲ್ಲ ಕೇಳಿ, "ನಿಮ್ಮಂಥವರು ಊರಿಗೊಬ್ಬರು ಇರಬೇಕಮ್ಮ" ಎಂದ.

"ಹಾಗಾದ್ರೆ ನಾನು ಉಳಿಸಿದ್ದನ್ನ ನಮಗೇ ಕೊಡಿ."

"ಅದು ಆಗಲ್ಲಮ್ಮ. ನೀವು ಉಳಿಸಿದ್ರಿ ಅಂತ ನಮಗೆ ಇಲ್ಲಿ ಗೊತ್ತಾಗಲ್ಲ. ಖರ್ಚಾಗಿಲ್ಲ ಅಂತ ಮಾತ್ರ ಗೊತ್ತಾಗುತ್ತೆ. ಖರ್ಚಾಗಿಲ್ಲ ಅಂದ್ರೆ ಆ ಊರಿಗೆ ಅಷ್ಟು ಬೇಕಾಗಿಲ್ಲ ಅಂತ. ಬೇಕಾಗಿಲ್ಲದವರಿಗೆ ಕಡಿಮೆ ಮಾಡಿ, ಬೇಕಾದವರಿಗೆ ಹೆಚ್ಚು ಕೊಡ್ತೀವಿ."

"ನಮ್ಮಕ್ಕನಿಗೆ ಬೇಕಾಗಿದೆ" ಎಂದಳು ಕತ್ತರಿಯಮ್ಮ. ಅವನು ತಲೆಯಾಡಿಸಿದ. ಪಾಪ, ಅವನಾದರೂ ಏನು ಮಾಡಿಯಾನು? ಅಷ್ಟು ದೂರದಲ್ಲಿ ಕೂತವನಿಗೆ ಊರು ಕಾಣುವುದು ಸಾಲುಸಾಲು ಅಂಕಿಗಳಲ್ಲಿ, ಅಕ್ಕನ ಮಂಡಿ ಅದರಲ್ಲಿ ಬರುವುದಿಲ್ಲ.

ಊರಿಗೆ ಬಂದವಳೇ ಅಕೌಂಟೆಂಟಿನ ಮೇಜಿನ ಮುಂದೆ ನಿಂತಳು. "ನಿಮ್ಮ ಮೇಲೆ ಇಲ್ಲದ್ದು ಹೊರಿಸಿದೆ. ತಪ್ಪಾಯ್ತು" ಎಂದಳು. ಅಂದದ್ದು ಎಲ್ಲರ ಎದುರಿಗಾದ್ದರಿಂದ ಇದನ್ನೂ ಎಲ್ಲರ ಎದುರಿಗೇ ಹೇಳಿದಳು. ಅವನು ಕನ್ನಡಕ ತೆಗೆದು ಒರೆಸಿದ. "ನನ್ನ ಮನೇಲಿ ನಾನೂ ಉಳಿಸ್ತೀನಿ ಮೇಡಂ. ಇಲ್ಲಿ ಹಾಗಲ್ಲ. ಈ ವರ್ಷ ಒಂದು ಕಾಸೂ ಉಳಿಸಬೇಡಿ. ಪೂರ್ತಿ ಮುಗಿಸಿ ಇನ್ನೂ ಸಾಲಲ್ಲ ಅಂತ ಕೂಗಿ. ಆಗ ಕೊಡ್ತಾರೆ."

ಹಾಗೆ ಕತ್ತರಿಯಮ್ಮ ದುಂದು ಮಾಡಲು ಕಲಿತಳು. ಚೆನ್ನಾಗಿದ್ದ ನೀರಿನ ತೊಟ್ಟಿಗೆ ಮೂರು ಬಾರಿ ಬಣ್ಣ ಬಳಿಸಿದಳು. ಆಗಲೇ ಎರಡು ಕುಡಿಯುವ ನೀರಿನ ಕಟ್ಟೆಗಳಿದ್ದ ಬಸ್ ನಿಲ್ದಾಣದಲ್ಲಿ ಮೂರನೆಯದನ್ನು ಕಟ್ಟಿಸಿದಳು. ತೊಟ್ಟಿಯ ಸುತ್ತ ಯಾರೂ ಹಾರದ ಕಡೆ ಗೋಡೆ ಎಬ್ಬಿಸಿದಳು. ಒಂದೊಂದು ಸಹಿಗೂ ಮುಂಚೆ ಪೆನ್ನು ಕೆಳಗಿಟ್ಟು ಮತ್ತೆ ಎತ್ತಿಕೊಳ್ಳುತ್ತಿದ್ದಳು. ಗುತ್ತಿಗೆದಾರ ಮಾತ್ರ ಈಗ ನಗುನಗುತ್ತ ಬಂದು ನಗುನಗುತ್ತ ಹೋಗುತ್ತಿದ್ದ.

ಆ ವರ್ಷವೇ ಅಕ್ಕ ಬಿದ್ದಳು. ತುಂಬಿದ ಕ್ಯಾನಿನ ಸಮೇತ ಮೆಟ್ಟಿಲ ಮೇಲಿಂದ ಉರುಳಿ ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಯಿಂದ ಅವಳನ್ನೂ ಭಾವನನ್ನೂ ಕತ್ತರಿಯಮ್ಮ ಕೆಳಗಿನ ಬೀದಿಯ ತನ್ನ ಮನೆಗೇ ಕರೆತಂದು, ಹೊಲಿಗೆಯ ಕೋಣೆ ಖಾಲಿ ಮಾಡಿ ಮಂಚ ಹಾಕಿದಳು. ಮೇಲಿನ ಬೀದಿಯ ಅಕ್ಕನ ಮನೆಗೆ ಬಾಡಿಗೆಗೆ ಎಳೆಯ ಸಂಸಾರವೊಂದು ಬಂತು. ಅಕ್ಕ ಮತ್ತೆ ಆ ಮೆಟ್ಟಿಲು ಹತ್ತುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಕತ್ತರಿಯಮ್ಮ ಬಹಳ ದಿನ ಅವಳಿಗೆ ತಿಳಿಸಲೇ ಇಲ್ಲ. ತಿಳಿಸಿದಾಗ ಅಕ್ಕ, "ಗೊತ್ತು" ಎಂದಳು.

ಅಕೌಂಟೆಂಟಿನ ಮಾತು ಸುಳ್ಳಾಗಲಿಲ್ಲ. ಹಣವನ್ನು ಪೂರ್ತಿ ಬಳಸಿದ ಊರು ಎಂದು ಕೇಂದ್ರದಿಂದ ಹೊಗಳಿಕೆ ಬಂತು, ಹಿಂದೆಯೇ ಭರ್ತಿ ಕಂತೂ ಬಂತು. ಕತ್ತರಿಯಮ್ಮ ಪಂಪಿನ ವ್ಯಾಪಾರಿ ಕೇಳಿದ ಬೆಲೆಯನ್ನು ಮರುಮಾತಿಲ್ಲದೆ ಕೊಟ್ಟಳು. ಚೌಕಾಸಿಗೆ ಸಿದ್ಧವಾಗಿ ಬಂದಿದ್ದ ಅವನಿಗೆ ನಿರಾಸೆಯೇ ಆಯಿತು.

ನೀರು ಬಿಡುವ ದಿನ ಮೇಲಿನ ಬೀದಿಯವರೆಲ್ಲ ಹೊಸಿಲಲ್ಲಿ ನಿಂತಿದ್ದರು. ಕೊನೆಯ ಮನೆಯ ಅಡುಗೆಕೋಣೆಯಲ್ಲಿ ಬಾಡಿಗೆಯವರ ಹುಡುಗಿ ನಲ್ಲಿ ತಿರುಗಿಸಿದಳು. ಒಂದಷ್ಟು ಗಾಳಿ, ಒಂದಷ್ಟು ಕೆಂಪು ನೀರು, ಆಮೇಲೆ ತಿಳಿನೀರು ದಪ್ಪಗೆ ಸುರಿಯಿತು. ಜನ ಕತ್ತರಿಯಮ್ಮನ ಕೈ ಹಿಡಿದು ಕುಲುಕಿದರು. ಅವಳು ಹೆಚ್ಚು ಹೊತ್ತು ನಿಲ್ಲದೆ ಮನೆಗೆ ಇಳಿದು ಬಂದಳು.

ಅಕ್ಕ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. "ಬಂತಾ?"

"ಬಂತಕ್ಕ."

"ಜೋರಾಗಿ?"

"ಜೋರಾಗೇ ಬಂತು."

ಅಕ್ಕ ಹೊದಿಕೆಯ ಅಂಚು ಸರಿಮಾಡಿಕೊಂಡಳು. ಆಮೇಲೆ ತಂಗಿಯ ಮುಖ ನೋಡಿಯೇ ಹೇಳಿದಳು. "ಆ ಮೊದಲನೇ ವರ್ಷ ಪಂಪಿನವನು ಹೇಳಿದ ರೇಟಿಗೇ ತಂದುಬಿಟ್ಟಿದ್ರೆ ನಾನು ಬೀಳ್ತಿರಲಿಲ್ಲ ಕಣೇ. ಒಂದು ಸಲ ಹೇಳಬೇಕು ಅಂತ ಇತ್ತು, ಹೇಳಿದೆ. ಇನ್ನು ಯಾವತ್ತೂ ಹೇಳಲ್ಲ."

"ಬೀಳ್ತಿರಲಿಲ್ಲ ಅಕ್ಕ" ಎಂದಳು ಕತ್ತರಿಯಮ್ಮ. ಬೇರೆ ಏನು ಹೇಳಿದರೂ ಸುಳ್ಳಾಗುತ್ತಿತ್ತು. ಅವಳು ಮಂಚದ ತುದಿಯಲ್ಲಿ ಕೂತು, ಅಕ್ಕನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕತೊಡಗಿದಳು.