ಉಳಿದರ್ಧ ಪುಸ್ತಕ

ಶಹಾಪುರದಿಂದ ಗೋಗಿಯ ಶಾಲೆಗೆ ನಾವಿಬ್ಬರು ಶಿಕ್ಷಕಿಯರು ದಿನವೂ ಒಂದೇ ಶೇರ್ ಆಟೋದಲ್ಲಿ ಹೋಗುತ್ತಿದ್ದೆವು. ನನಗಿಂತ ಹತ್ತು ವರ್ಷ ದೊಡ್ಡವರಾದ ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಇಬ್ಬರಿಗೂ ಪತ್ತೇದಾರಿ ಕಾದಂಬರಿಯ ಹುಚ್ಚು, ಕಾಯುವ ತಾಳ್ಮೆ ಇಬ್ಬರಿಗೂ ಇಲ್ಲ. ಹೀಗಾಗಿ ಯಾವ ಪುಸ್ತಕ ಕೊಂಡರೂ ಅಕ್ಕ ಅದನ್ನು ಬ್ಲೇಡಿನಿಂದ ನಡುವೆ ಸೀಳಿ, ಎರಡೂ ಭಾಗಗಳನ್ನು ದಬ್ಬಣದಿಂದ ಬೇರೆ ಬೇರೆಯಾಗಿ ಹೊಲಿಯುತ್ತಿದ್ದರು. ಬೇಗ ಓದುವ ನಾನು ಮೊದಲರ್ಧ ಮುಗಿಸಿ ಅವರಿಗೆ ಕೊಟ್ಟು, ಎರಡನೆಯದಕ್ಕೆ ಹೋಗುತ್ತಿದ್ದೆ. ಮೊದಲು ಮುಗಿಸಿದವಳು ಕೊಂದವರ ಹೆಸರು ಬಾಯಿಬಿಡಬಾರದು, ಅಷ್ಟೇ ಕರಾರು.

ಕೊನೆಯದಾಗಿ ಸೀಳಿದ್ದು ಚಂದ್ರನ ಮೇಲಿನ ಒಂದು ಊರಿನ ಕತೆ. ಅಲ್ಲಿ ಗಾಳಿಯನ್ನೂ ನಳದ ನೀರಿನಂತೆ ಸರದಿಯ ಮೇಲೆ ಬಿಡುತ್ತಾರೆ. ಯಾರೋ ಒಂದು ಕೋಣೆಯ ಗಾಳಿ ನಿಲ್ಲಿಸಿ ಒಬ್ಬನನ್ನು ಕೊಂದಿದ್ದಾರೆ. ಪತ್ತೆ ಹಚ್ಚುವವಳು ನಡುವಯಸ್ಸಿನ ಹೆಂಗಸು. ಒಬ್ಬಳೇ ಇರುತ್ತಾಳೆ, ಒಬ್ಬಳೇ ಉಣ್ಣುತ್ತಾಳೆ, ಬೇಕಾದ ಬಾಗಿಲು ಬಡಿಯುತ್ತಾಳೆ. "ಜೊತಿಗ್ಯಾರ ಅದಾರ?" ಎಂದು ಅವಳನ್ನು ಯಾರೂ ಕೇಳುವುದಿಲ್ಲ. ಶಹಾಪುರದಲ್ಲಿ ನಾನು ಬಾಡಿಗೆ ಕೋಣೆ ಹುಡುಕಿದಾಗ ಮನೆಮನೆಯಲ್ಲೂ ಕೇಳಿದ್ದು ಅದನ್ನೇ. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಅಕ್ಕ ಮೊದಲರ್ಧ ಓದುತ್ತಿದ್ದಾಗಲೇ ಅವರಿಗೆ ಸುರಪುರಕ್ಕೆ ವರ್ಗವಾಯಿತು. ಎರಡನೆಯದು ನನ್ನಲ್ಲೇ ಉಳಿಯಿತು. ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟಿದ್ದರೆ ಒಂದು ತಾಸಿನ ಮಾತು. ಕೊಡಲಿಲ್ಲ. ಅದು ಕೈಸೇರಿದರೆ ನನಗೆ ಫೋನ್ ಮಾಡಲು ಅವರಿಗೆ ಕಾರಣವೇ ಇರುವುದಿಲ್ಲ ಎಂದು ಹೆದರಿದ್ದೆ. ಪ್ರತಿ ಭಾನುವಾರ ಅವರು ಉಳಿದರ್ಧ ಕೇಳುವರು, ನಾನೊಂದು ನೆವ ಹೇಳುವೆ, ಆಮೇಲೆ ಅರ್ಧ ತಾಸು ಅದೂ ಇದೂ ಮಾತು. ವಾರದ ಮಿಕ್ಕ ದಿನಗಳಲ್ಲಿ ಶಾಲೆ ಬಿಟ್ಟ ಮೇಲೆ ನನ್ನೊಂದಿಗೆ ಮಾತಾಡುವವರು ಯಾರೂ ಇರಲಿಲ್ಲ.

ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಎರಡು ವರ್ಷ ಹೀಗೆ ನಡೆಸಿ, ಕಡೆಗೆ ನಾಚಿಕೆಯಾಗಿ, ಆ ಅರ್ಧವನ್ನು ಬ್ಯಾಗಿನಲ್ಲಿಟ್ಟುಕೊಂಡು ಸುರಪುರದ ಬಸ್ ಹತ್ತಿದೆ.

ಅಕ್ಕ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಹೊರಗೆ ಅವರ ಮಕ್ಕಳು, ಅತ್ತೆ, ಮೈದುನ, ಮನೆ ತುಂಬ ಜನ. ಸುಮ್ಮನೆ ಕೂರಲಾರದೆ ಪುಸ್ತಕದ ಕಪಾಟು ನೋಡಿದೆ. ಅದೇ ಕಾದಂಬರಿ ಇತ್ತು, ಸೀಳದ ಪ್ರತಿ. ಕೊನೆಯ ಪುಟದ ತನಕ ಅರಿಷಿಣದ ಬೆರಳ ಗುರುತು. ನಡುವೆ ಯಾದಗಿರಿಯ ಅಂಗಡಿಯ ರಸೀದಿ. ತಾರೀಖು ನೋಡಿದರೆ ಅವರು ವರ್ಗವಾಗಿ ಹೋದ ತಿಂಗಳದ್ದೇ.

ಹೇಗಿತ್ತೋ ಹಾಗೇ ಇಟ್ಟೆ. ಊಟಕ್ಕೆ ಕುಳಿತಾಗ, ಕೊಂದವರು ಯಾರೆಂದು ಮಾತ್ರ ಹೇಳಬೇಡ ಎಂದು ಅಕ್ಕ ಎಂದಿನಂತೆ ಗದರಿದರು. ತುಂಬಿದ ಮನೆಯಲ್ಲಿ ಇವರಿಗೂ ಮಾತಿಗೆ ಯಾರೂ ಇಲ್ಲವಲ್ಲ ಎಂದುಕೊಂಡೆ.

ಸಂಜೆ ಅಕ್ಕ ಬಸ್ ಸ್ಟ್ಯಾಂಡಿನ ತನಕ ಬಂದು, ನಾನು ಕುಳಿತ ಕಿಟಕಿಯ ಸರಳು ಹಿಡಿದು ನಿಂತರು.

"ಉಳಿದರ್ಧ ಯಾವಾಗ ತರ್ತಿ?"

ಬ್ಯಾಗು ನನ್ನ ತೊಡೆಯ ಮೇಲೇ ಇತ್ತು.

"ಮುಂದಿನ ಸಲ ಖರೇನ ತರ್ತೀನ್ರಿ ಅಕ್ಕ," ಎಂದೆ.