ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವವರು

ನನ್ನ ಅಪ್ಪ ನನ್ನ ಅಮ್ಮನಿಗೆ ಸೋದರಮಾವ. ಈಗ ಇದನ್ನು ಹೇಳಿದರೆ ಜೊತೆಯಲ್ಲಿ ಕೆಲಸ ಮಾಡುವ ಹುಡುಗಿಯರು ಮುಖ ಕಿವುಚುತ್ತಾರೆ. ನಮ್ಮ ಮನೆಯಲ್ಲಿ ಅದು ಹೆಮ್ಮೆಯ ಮಾತಾಗಿತ್ತು. ಅಜ್ಜಿ ತನ್ನ ಮಗಳನ್ನು ತನ್ನ ತಮ್ಮನಿಗೇ ಕೊಟ್ಟಳು. ಮಗಳೂ ಹೊರಗೆ ಹೋಗಲಿಲ್ಲ, ಹೊಲವೂ ಹೊರಗೆ ಹೋಗಲಿಲ್ಲ. ಬೆಂಗಳೂರಿನ ವಿಜಯನಗರದ ಆಚೆಗಿದ್ದ ನಮ್ಮ ಹಳ್ಳಿಯ ಮೇಲೆ ಬಡಾವಣೆ ಎದ್ದು, ರಾಗಿ ಬೆಳೆಯುತ್ತಿದ್ದ ಕಡೆ ಬಾಡಿಗೆ ಮನೆಗಳ ಸಾಲು ನಿಂತ ಮೇಲಂತೂ ಈ ಕಟ್ಟುಪಾಡು ಇನ್ನೂ ಬಿಗಿಯಾಯಿತು. ಹೊಲವಿದ್ದಾಗ ಎಕರೆ ಲೆಕ್ಕದಲ್ಲಿದ್ದ ಜಿಪುಣತನ ಸೈಟುಗಳಾದ ಮೇಲೆ ಅಡಿ ಲೆಕ್ಕಕ್ಕೆ ಇಳಿಯಿತು.

ನನಗೆ ಇರುಳುಗುರುಡು ಎಂದು ಗೊತ್ತಾಗುವ ಎಷ್ಟೋ ಮೊದಲೇ ನಾನು ಕೊಬ್ಬಿನ ಹುಡುಗಿ ಎಂದು ನಮ್ಮ ಬೀದಿಗೆಲ್ಲ ಗೊತ್ತಾಗಿತ್ತು. ಸಂಜೆ ಎದುರಿಗೆ ಬಂದವರನ್ನು ಮಾತಾಡಿಸುವುದಿಲ್ಲ, ನಕ್ಕರೆ ನಗುವುದಿಲ್ಲ, ಜಗಲಿಯಲ್ಲಿ ಕೂತವರ ಕಾಲು ತುಳಿದು ಹೋಗುತ್ತಾಳೆ. "ಏನೇ, ಕಣ್ಣು ನೆತ್ತಿಗೇರಿದ್ಯಾ?" ಎಂದು ಎದುರು ಮನೆಯ ಆಂಟಿ ಕೇಳುತ್ತಿದ್ದಳು. ನನಗೋ, ಎಲ್ಲರಿಗೂ ಸಂಜೆ ಹೀಗೇ ಆಗುತ್ತದೆ, ಉಳಿದವರು ಹೇಗೋ ಧೈರ್ಯ ಮಾಡಿ ನಡೆಯುತ್ತಾರೆ, ನಾನು ಪುಕ್ಕಲಿ ಎಂಬ ನಂಬಿಕೆ. ಹೊತ್ತು ಮುಳುಗಿದ್ದೇ ತಡ, ಬೀದಿ ಕರಗಿ ಹೋಗುತ್ತಿತ್ತು. ಬೀದಿದೀಪದ ಕೆಳಗೆ ಒಂದು ಬೆಳಕಿನ ಮಚ್ಚೆ, ಅದರಾಚೆ ಏನೂ ಇಲ್ಲ. ಚರಂಡಿಯ ಚಪ್ಪಡಿ ಎಲ್ಲಿ ಒಡೆದಿದೆ ಎಂಬುದನ್ನು ನನ್ನ ಮೊಣಕಾಲುಗಳು ಒಂದೊಂದಾಗಿ ಕಲಿತವು.

ನನಗೆ ಕತ್ತಲಲ್ಲಿ ಕಾಣುವುದಿಲ್ಲ ಎಂದು ತಿಳಿದ ಮೇಲೆ ಅಮ್ಮ ತನಗೆ ಗೊತ್ತಿದ್ದ ಔಷಧಿಯನ್ನೆಲ್ಲ ಮಾಡಿದಳು. ಹೊನಗೊನೆ ಸೊಪ್ಪಿನ ಪಲ್ಯ, ಪರಂಗಿ ಹಣ್ಣು, ಭಾನುವಾರ ಕುರಿಯ ಲಿವರ್. ಅದನ್ನು ಕಂಡರೆ ನನಗೆ ವಾಕರಿಕೆ, ಆದರೂ ಮೂಗು ಹಿಡಿದು ತಿನ್ನಿಸುತ್ತಿದ್ದಳು. ಊರ ದೇವತೆಗೆ ಹರಕೆ ಹೊತ್ತು ಬೆಳ್ಳಿಯ ಕಣ್ಣುಗಳನ್ನೂ ಒಪ್ಪಿಸಿ ಬಂದಳು. ದೇವಿಗೆ ಕಣ್ಣು ಜಾಸ್ತಿಯಾದವು, ನನ್ನವು ಹೇಗಿದ್ದವೋ ಹಾಗೇ ಉಳಿದವು.

ಅಮ್ಮನಿಗೆ ಒಬ್ಬ ತಮ್ಮ, ಅವನೇ ನನ್ನ ಸೋದರಮಾವ. ನನಗಿಂತ ಎಂಟು ವರ್ಷಕ್ಕೆ ದೊಡ್ಡವನು. ಅಜ್ಜಿಯ ಜೊತೆ ಕೆಂಗೇರಿಯಲ್ಲಿದ್ದ, ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ. ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆರೆ ತೋರಿಸಿದವನು. ಸಂಬಂಧಿಕರ ಬಾಯಲ್ಲಿ ಅವನ ಹೊಗಳಿಕೆ ನಿಲ್ಲುತ್ತಲೇ ಇರಲಿಲ್ಲ. ಅವನ ವಯಸ್ಸಿನ ಹುಡುಗರೆಲ್ಲ ಸೈಟು ಮಾರಿದ ದುಡ್ಡಲ್ಲಿ ಬೈಕು ತಗೊಂಡು, ಮೈಸೂರು ರಸ್ತೆಯ ಡಾಬಾಗಳಲ್ಲಿ ಕುಡಿದು ಮೆರೆಯುತ್ತಿದ್ದರೆ, ಇವನು ದೀಪ ಹಚ್ಚುವ ಹೊತ್ತಿಗೆ ಅಂಗಡಿ ಬಾಗಿಲು ಎಳೆದು ಮನೆ ಸೇರುತ್ತಿದ್ದ. "ಬಂಗಾರದಂಥ ಹುಡುಗ ಕಣಮ್ಮ," ಎನ್ನುತ್ತಿದ್ದರು.

ನಾನು ಬಸವೇಶ್ವರನಗರದ ಒಂದು ಪ್ರೈಮರಿ ಸ್ಕೂಲಿನಲ್ಲಿ ಟೀಚರ್ ಆಗಿ ಸೇರಿದೆ. ಹಗಲಿನ ಕೆಲಸ ಎಂಬುದೇ ಅದರ ದೊಡ್ಡ ಗುಣ. ಆದರೆ ವಾರ್ಷಿಕೋತ್ಸವದ ಸಂಜೆ, ಪರದೆಯ ಹಿಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸುವಾಗ, ನಾನು ವೇದಿಕೆಯ ಅಂಚು ಕಾಣದೆ ಕೆಳಗೆ ಬಿದ್ದೆ. ಕೈಗೆ ಪಟ್ಟಿ ಹಾಕಿಸಿಕೊಂಡು ಹೋದವಳಿಗೆ ಹೆಡ್‌ಮಿಸ್ಸು, "ಕೈ ಬಿಡಮ್ಮ, ಮೊದಲು ಕಣ್ಣು ತೋರಿಸು," ಎಂದು ಗದರಿದರು. ಅಮ್ಮನ ಜೊತೆ ರಾಜಾಜಿನಗರದ ಒಂದು ಕಣ್ಣಾಸ್ಪತ್ರೆಗೆ ಹೋದೆ.

ಕಣ್ಣಿಗೆ ಹನಿ ಹಾಕಿ, ಕತ್ತಲೆ ಕೋಣೆಯಲ್ಲಿ ಕೂರಿಸಿ, ಒಂದಾದ ಮೇಲೊಂದು ಪರೀಕ್ಷೆ ಮಾಡಿದರು. ಕೊನೆಗೆ ಡಾಕ್ಟರು ಅಮ್ಮನ ಕಡೆ ತಿರುಗಿ, "ನಿಮ್ಮದು ಸಂಬಂಧದಲ್ಲಿ ಆದ ಮದುವೇನಾಮ್ಮ?" ಎಂದು ಕೇಳಿದರು.

"ಇಲ್ಲ ಸಾರ್, ಹೊರಗಡೆದು," ಎಂದಳು ಅಮ್ಮ, ಕಣ್ಣು ಮಿಟುಕಿಸದೆ.

"ಅಪ್ಪ ಅಮ್ಮನ ಸೋದರಮಾವ ಸಾರ್," ಎಂದೆ ನಾನು. ಅಮ್ಮ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದಳು.

"ಮನೇಲಿ ಬೇರೆ ಯಾರಿಗಾದ್ರೂ ಹೀಗೆ ಕತ್ತಲಲ್ಲಿ ಕಾಣದೇ ಇರೋದು ಇದ್ಯಾ?"

"ಯಾರಿಗೂ ಇಲ್ಲ," ಎಂದಳು. ಇದನ್ನು ತಿದ್ದಲು ನನ್ನ ಹತ್ತಿರ ಏನೂ ಇರಲಿಲ್ಲ. ನಾನೂ ಹಾಗೇ ನಂಬಿದ್ದೆ.

ಡಾಕ್ಟರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಎಲ್ಲ ಇರುಳುಗುರುಡೂ ಒಂದೇ ಅಲ್ಲ. ವಿಟಮಿನ್ ಎ ಕಡಿಮೆಯಾದರೂ ಕತ್ತಲಲ್ಲಿ ಕಾಣುವುದಿಲ್ಲ. ಲಿವರ್ರೋ ಕರುಳೋ ಕೆಟ್ಟು, ತಿಂದದ್ದು ಮೈಗೆ ಹತ್ತದಿದ್ದರೂ ಹಾಗೇ. ಅದಾದರೆ ಔಷಧಿ ಕೊಟ್ಟ ಸ್ವಲ್ಪ ದಿನಕ್ಕೇ ಸರಿಹೋಗುತ್ತದೆ. ಪೊರೆ ಬಂದಿದ್ದರೆ ಆಪರೇಷನ್, ದೂರದ್ದು ಕಾಣದಿದ್ದರೆ ಕನ್ನಡಕ. ನನ್ನದು ಅದ್ಯಾವುದೂ ಅಲ್ಲ. ಕಣ್ಣಿನ ಹಿಂಭಾಗದ ಪರದೆಯೇ ನಿಧಾನವಾಗಿ ಸಾಯುತ್ತಿದೆ. ಮೊದಲು ಕತ್ತಲಲ್ಲಿ ಕಾಣುವುದು ಹೋಗುತ್ತದೆ, ಆಮೇಲೆ ಪಕ್ಕದಲ್ಲಿರುವುದು ಕಾಣುವುದು, ಕೊನೆಗೆ ಕೊಳವೆಯಲ್ಲಿ ಇಣುಕಿದ ಹಾಗೆ ಎದುರಿನದಷ್ಟೇ ಉಳಿಯುತ್ತದೆ. ಪೊರೆಯೂ ಬೇಗ ಬರಬಹುದು, ಅದನ್ನು ತೆಗೆಯಬಹುದು. ಪರದೆಗೆ ಮಾತ್ರ ಸದ್ಯಕ್ಕೆ ಔಷಧಿಯಿಲ್ಲ. ಯಾರೋ ಹೇಳಿದರು ಎಂದು ವಿಟಮಿನ್ ಮಾತ್ರೆ ನುಂಗಿದರೆ ಲಿವರ್ ಕೆಡುತ್ತದೆ, ಅಷ್ಟೆ.

"ಇದು ಮನೆತನದಲ್ಲಿ ಬರೋದು. ಅಪ್ಪ ಅಮ್ಮ ಇಬ್ಬರಲ್ಲೂ ಒಳಗೊಳಗೇ ಇರುತ್ತೆ, ಅವರಿಗೇನೂ ಆಗಲ್ಲ. ಎರಡೂ ಒಂದೇ ಮಗೂಗೆ ಬಂದಾಗ ಹೀಗಾಗುತ್ತೆ. ನೀನು ಮದುವೆ ಆಗಮ್ಮ, ಮಕ್ಕಳೂ ಆಗಲಿ. ಸಂಬಂಧದಲ್ಲಿ ಮಾತ್ರ ಬೇಡ," ಎಂದರು.

ಬಸ್ಸಿನಲ್ಲಿ ಅಮ್ಮ, "ಡಾಕ್ಟ್ರುಗಳು ಏನಾದ್ರೂ ಹೇಳ್ತಾರೆ ಬಿಡು," ಎಂದಳು. ನನಗೆ ಅವಳ ಮುಖ ನೋಡಲೂ ಮನಸ್ಸಿರಲಿಲ್ಲ.

ಮೂರು ತಿಂಗಳು ಕಳೆದಿತ್ತೋ ಇಲ್ಲವೋ, ಅಜ್ಜಿ ನಮ್ಮೆಲ್ಲರನ್ನೂ ಕೆಂಗೇರಿಗೆ ಕರೆಸಿಕೊಂಡಳು. ನನ್ನನ್ನು ಮಾವನಿಗೆ ತಂದುಕೊಳ್ಳುವ ಮಾತು. ನನ್ನ ಕಣ್ಣಿನ ವಿಷಯ ಹೊರಗಿನವರಿಗೆ ಹೇಳಿದರೆ ಯಾರೂ ಒಪ್ಪುವುದಿಲ್ಲ, ಮುಚ್ಚಿಟ್ಟರೆ ಆಮೇಲೆ ರಂಪ. ಮನೆಯೊಳಗೇ ಆದರೆ ಮುಚ್ಚುವುದೂ ಇಲ್ಲ, ಬಿಚ್ಚುವುದೂ ಇಲ್ಲ. ಇದು ಅವರ ಲೆಕ್ಕಾಚಾರ. ಯಾವುದರಿಂದ ನನಗೆ ಈ ಗತಿ ಬಂತೋ ಅದನ್ನೇ ನನಗೆ ಪರಿಹಾರ ಎಂದು ತಟ್ಟೆಯಲ್ಲಿಟ್ಟು ಕೊಡಲು ಹೊರಟಿದ್ದರು. ಮೈಯೆಲ್ಲ ಉರಿದುಹೋಯಿತು. ಆದರೆ ದೊಡ್ಡವರ ಎದುರಿಗೆ ಬಾಯಿಬಿಟ್ಟು ಅಭ್ಯಾಸವಿರಲಿಲ್ಲ.

ಸಂಜೆ ಎಲ್ಲರೂ ನಡುಮನೆಯಲ್ಲಿ ಕೂತೆವು. ಅಪ್ಪ, ಅಮ್ಮ, ಅಜ್ಜಿ, ಮಾವ, ನಾನು. ಮಧ್ಯದಲ್ಲಿ ಎಲೆ ಅಡಿಕೆಯ ತಟ್ಟೆ. ಅಜ್ಜಿ ಯಾವ ಛತ್ರ, ಯಾವ ತಿಂಗಳು ಎಂಬಲ್ಲಿಗೆ ಆಗಲೇ ತಲುಪಿದ್ದಳು. ಮಾವ ಕಾಫಿ ಲೋಟಗಳನ್ನು ಒಳಗಿಡಲು ಎದ್ದ. ಅಷ್ಟರಲ್ಲಿ ಕರೆಂಟು ಹೋಯಿತು. ಹೊರಗೆ ಇನ್ನೂ ಮಸುಕು ಬೆಳಕಿದ್ದಿರಬೇಕು, ಅಪ್ಪ ಅಜ್ಜಿ ಮಾತು ನಿಲ್ಲಿಸಲೂ ಇಲ್ಲ. ನನಗೆ ಮಾತ್ರ ಎಲ್ಲ ಕಪ್ಪು. ಆ ಕಪ್ಪಿನಲ್ಲಿ ಒಂದು ಸದ್ದು ಕೇಳಿಸಿತು. ಪಾದ ಎತ್ತದೆ ನೆಲದ ಮೇಲೆ ಜಾರಿಸುವ ಸದ್ದು. ಅಂಗೈ ಗೋಡೆ ಸವರುವ ಸದ್ದು. ಆ ಸದ್ದುಗಳನ್ನು ಜಗತ್ತಿನಲ್ಲಿ ನಾನೊಬ್ಬಳೇ ಮಾಡುತ್ತೇನೆ ಅಂದುಕೊಂಡಿದ್ದೆ. ಮರುಕ್ಷಣ ತಟ್ಟೆಗೆ ಕಾಲು ತಗುಲಿ ಅಡಿಕೆಯೆಲ್ಲ ಚೆಲ್ಲಿತು.

"ಅಲ್ಲೇ ನಿಂತ್ಕೋ ಕಣೋ, ಅಲ್ಲಾಡಬೇಡ, ದೀಪ ತರ್ತೀನಿ," ಎಂದಳು ಅಜ್ಜಿ. ಗಾಬರಿಯಿಲ್ಲ, ಆಶ್ಚರ್ಯವಿಲ್ಲ. ದಿನಾ ಹೇಳುವ ಮಾತನ್ನು ಹೇಳುವ ದನಿ. ನನಗೆ ಅಮ್ಮ ಹೇಳುತ್ತಿದ್ದುದೂ ಅದೇ ದನಿಯಲ್ಲಿ.

ಅಜ್ಜಿ ದೀಪ ತಂದಿಟ್ಟಳು. ಮಾವ ಗೋಡೆಗೆ ಒರಗಿ ನಿಂತಿದ್ದ.

"ಮಾವ, ನಿಂಗೂ ಕಾಣಲ್ವಾ?" ಎಂದು ಕೇಳಿದೆ.

ಅಜ್ಜಿ ಚೆಲ್ಲಿದ ಅಡಿಕೆ ಆರಿಸತೊಡಗಿದಳು, ಅಪ್ಪ ಅಮ್ಮ ನೆಲ ನೋಡಿದರು. ಆಗ ನನಗೆ ಅರ್ಥವಾಯಿತು: ಆ ಕೋಣೆಯಲ್ಲಿ ಈ ಸಂಗತಿ ಗೊತ್ತಿಲ್ಲದಿದ್ದವಳು ನಾನೊಬ್ಬಳೇ. ಅವನು ಸಂಜೆಗೆ ಮನೆ ಸೇರಿದರೆ ಬಂಗಾರದ ಹುಡುಗ, ನಾನು ಸಂಜೆ ತಡವರಿಸಿದರೆ ಕೊಬ್ಬಿನ ಹುಡುಗಿ. ಕಾಯಿಲೆ ಒಂದೇ.

ಕೊನೆಗೆ ಅಮ್ಮನೇ ಬಾಯಿಬಿಟ್ಟಳು. "ಅವನಿಗೂ ಕಾಣಲ್ಲ, ನಿನಗೂ ಕಾಣಲ್ಲ. ಒಬ್ಬರನ್ನೊಬ್ಬರು ಆಡ್ಕೊಳ್ಳೋ ಹಂಗಿಲ್ಲ. ನಿನ್ನ ಒಳ್ಳೇದಕ್ಕೇ ಕಣೇ ನೋಡಿದ್ದು."

"ಹುಟ್ಟೋ ಮಕ್ಕಳು? ನಮ್ಮಿಬ್ರಿಗೂ ಇದ್ರೆ ಅವಕ್ಕೆಲ್ಲಾ ಬರುತ್ತಮ್ಮ. ಡಾಕ್ಟ್ರು ಹೇಳಿದ್ದು ನೀನೂ ಕೇಳ್ಲಿಲ್ವಾ?"

"ಹಗಲೆಲ್ಲಾ ಕಾಣುತ್ತಲ್ಲಮ್ಮ," ಎಂದಳು ಅಜ್ಜಿ. ಅವಳಿಗೆ ಅದು ನಿಜವಾಗಿಯೂ ಸಾಕಿತ್ತು.

"ನಂಗೆ ಬೇಡ. ನಾನು ಆಗಲ್ಲ," ಎಂದೆ. ಮಾತು ಪೂರ್ತಿ ಹೊರಗೆ ಬಂತು.

ಅಪ್ಪ, "ಹೊರಗಡೆ ನಿನ್ನ ಯಾರು ಮಾಡ್ಕೋತಾರೆ ನೋಡ್ತೀನಿ," ಎಂದು ಎದ್ದು ಹೋದ. ಮಾವ ಮಾತ್ರ ದೀಪದ ಹತ್ತಿರ ಬಂದು ಕೂತ. ಆಮೇಲೆ ಮೆಲ್ಲಗೆ, "ನಿಂಗಾದ್ರೆ ಏನೂ ವಿವರಿಸಿ ಹೇಳೋ ಹಂಗಿರಲ್ಲ ಅಂತ ನೆಮ್ಮದಿಯಾಗಿದ್ದೆ," ಎಂದ. ಅವನ ಮೇಲೆ ಸಿಟ್ಟು ಬರಲಿಲ್ಲ, ಅಯ್ಯೋ ಅನ್ನಿಸಿತು. ಅಯ್ಯೋ ಅನ್ನಿಸಿತೆಂದು ಮದುವೆಯಾಗಲು ಆಗುತ್ತದೆಯೇ? ಮುಂದೆ ಅವನಿಗೆ ಮಾಗಡಿ ಕಡೆಯಿಂದ ಹೆಣ್ಣು ತಂದರು. ಅವಳ ಮನೆಯವರಿಗೆ ನಿಜ ಹೇಳಿದ್ದರೋ ಇಲ್ಲವೋ ಗೊತ್ತಿಲ್ಲ, ಆ ಮದುವೆಗೆ ನನ್ನನ್ನು ಕರೆಯಲಿಲ್ಲ.

ಕೆಂಗೇರಿಯಿಂದ ಮಾರನೆಯ ಬೆಳಗ್ಗೆ ನಾನೂ ಅಮ್ಮನೂ ಬಸ್ಸಿನಲ್ಲಿ ವಾಪಸು ಹೊರಟೆವು. ಅಪ್ಪ ನಮ್ಮ ಜೊತೆ ಬರಲಿಲ್ಲ. ನಾಯಂಡಹಳ್ಳಿಯ ಹತ್ತಿರ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತುಬಿಟ್ಟಿತು. ಅಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು: "ನೀನು ಹೇಳಿದ್ದು ಸರಿ ಅಂದ್ರೆ, ನಾನು ನಿನ್ನ ಹಡೀಬಾರದಾಗಿತ್ತು. ಹೌದಾ?"

ಇಲ್ಲ ಎಂದರೆ ನಿನ್ನೆ ನಾನು ಆಡಿದ್ದೆಲ್ಲ ಸುಳ್ಳಾಗುತ್ತಿತ್ತು. ಹೌದು ಎಂದರೆ ನಾನು ಹುಟ್ಟಿದ್ದೇ ತಪ್ಪಾಗುತ್ತಿತ್ತು.

"ಮೊದಲೇ ಗೊತ್ತಿದ್ದಿದ್ರೆ ನೀನು ಏನ್ ಮಾಡ್ತಿದ್ದೆ?" ಎಂದು ಕೇಳಿದೆ.

"ಏನ್ ಮಾಡ್ತಿದ್ದೆ? ನನ್ನ ಯಾರು ಕೇಳ್ತಿದ್ರು?" ಅಮ್ಮ ಈಗ ನನ್ನ ಕಡೆ ತಿರುಗಿದಳು. ಕಣ್ಣು ಕೆಂಪಾಗಿದ್ದವು. "ನಿಮ್ಮಪ್ಪನ್ನ ಮಾವ ಮಾವ ಅಂತ ತೊಡೆ ಮೇಲೆ ಕೂತ್ಕೊಂಡು ಆಡಿದ್ದೆ. ಹದಿನಾರು ವರ್ಷಕ್ಕೆ ಸೀರೆ ಉಡಿಸಿ ಅವನ ಪಕ್ಕದಲ್ಲೇ ಕೂರಿಸಿದ್ರು. ಒಪ್ಪಿಗೇನಾ ಅಂತ ಒಬ್ಬರೂ ಕೇಳ್ಲಿಲ್ಲ. ನಿನ್ನೆ ನಿನ್ನನ್ನ ಎಲ್ಲರ ಮಧ್ಯೆ ಕೂರಿಸಿ ಕೇಳಿದ್ರಲ್ಲ, ನೀನು ಬೇಡ ಅಂದ್ಯಲ್ಲ, ನಂಗೆ ಹೊಟ್ಟೆ ಉರಿದುಹೋಯ್ತು ಕಣೇ."

ಬಸ್ಸು ಹೊರಟಿತು. ಆಸ್ಪತ್ರೆಯ ದಿನದಿಂದ ಅವಳ ಮೇಲೆ ಕೂಡಿಟ್ಟುಕೊಂಡಿದ್ದ ಸಿಟ್ಟನ್ನು ಇನ್ನು ಏನು ಮಾಡಬೇಕೆಂದು ನನಗೆ ತೋಚಲಿಲ್ಲ. ನಿನ್ನೆ ನನ್ನನ್ನೂ ಯಾರೂ ಕೇಳಿರಲಿಲ್ಲ, ಬೇಡ ಎಂದು ನಾನಾಗಿಯೇ ಹೇಳಿದ್ದೆ. ಅದನ್ನು ಅವಳಿಗೆ ಹೇಳಲಿಲ್ಲ.