ನೀರು ಯಾರದ್ದು ಎಂದು ಕೇಳಲು ಕಲಿಸಿದವರು

ಅವರ ಎಡಗೈಯ ನರಗಳು ಹುರಿ ಹಾಕಿದ ದಾರದಂತೆ ಗಂಟುಗಂಟಾಗಿದ್ದವು. ಲಿವರ್ ಪರೀಕ್ಷೆಗೆ ರಕ್ತ ತೆಗೆಯುವ ದಿನ ನಮ್ಮ ನರ್ಸ್ ಎರಡು ಸಲ ಚುಚ್ಚಿ ಸೋತಾಗ, "ಅಲ್ಲಿ ಏನೂ ಉಳ್ದಿಲ್ಲ ಕಣಮ್ಮ, ಇಲ್ಲಿ ನೋಡು" ಎಂದು ಹೆಬ್ಬೆರಳ ಬುಡವನ್ನು ತಾವೇ ತೋರಿಸಿದ್ದರು.

ಶಿರಾದ ಹೆದ್ದಾರಿ ಪಕ್ಕ ಅವರದ್ದು ಪಂಕ್ಚರ್ ಅಂಗಡಿ. ನಾವೆಲ್ಲ ಪಂಕ್ಚರ್ ಅಣ್ಣ ಎನ್ನುತ್ತಿದ್ದೆವು. ಮಾದಕ ದ್ರವ್ಯ ಚುಚ್ಚಿಕೊಳ್ಳುವವರಿಗೆ ಎಚ್‌ಐವಿ ತಗುಲದಂತೆ ತಡೆಯುವುದು ಹೇಗೆ ಎಂಬ ಅಧ್ಯಯನದಲ್ಲಿ ಪ್ರಶ್ನೆ ಕೇಳುವ ಕೆಲಸ ನನ್ನದು. ಅಣ್ಣ ಆ ಚಟ ಬಿಟ್ಟು ವರ್ಷಗಳಾಗಿದ್ದವು. ಇನ್ನೂ ಚುಚ್ಚಿಕೊಳ್ಳುತ್ತಿದ್ದವರನ್ನು ಹುಡುಕಿ, ಧೈರ್ಯ ಹೇಳಿ ನಮ್ಮ ಬಳಿ ಕರೆತರುತ್ತಿದ್ದರು. ಮಧುಗಿರಿ, ಪಾವಗಡದ ಕಡೆಯಿಂದಲೂ ಜನ ಬರುತ್ತಿದ್ದರು. "ಬೇರೆಯವರ ಸೂಜಿ ಬಳಸುತ್ತೀರಾ?" ಎಂದು ನಾನು ಕೇಳುವುದು, "ಇಲ್ಲ" ಎಂದು ಅವರು ಹೇಳುವುದು, ನಾನು ಗುರುತು ಹಾಕುವುದು. ಎಲ್ಲರೂ ಇಷ್ಟು ಹುಷಾರಾಗಿದ್ದರೆ ಸೋಂಕು ಹರಡುವುದಾದರೂ ಹೇಗೆ?

ಒಂದು ಬೆಳಿಗ್ಗೆ ಅಂಗಡಿಗೆ ಹೋಗಿ ಅದನ್ನೇ ಕೇಳಿದೆ. ಅಣ್ಣ ಟ್ಯೂಬನ್ನು ನೀರಲ್ಲಿ ಅದ್ದಿ, ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದರು. ತಲೆ ಎತ್ತದೆ, "ಅವ್ರು ಸುಳ್ಳು ಹೇಳ್ತಿಲ್ಲ ಮೇಡಮ್ನೋರೆ. ಸೂಜಿ ಮಾತು ಬುಡಿ. ನೀರು ಯಾರ್ದು ಅಂತ ಕೇಳಿ" ಎಂದರು.

ಮಾರನೆಯ ದಿನ ಅಣ್ಣ ಕರೆತಂದ ಕೊರಟಗೆರೆಯ ಆಟೊ ಚಾಲಕರೊಬ್ಬರನ್ನು ಹಾಗೇ ಕೇಳಿದೆ. "ನೀರಾ? ಮೂರು ಜನಕ್ಕೂ ಒಂದೇ ಮುಚ್ಚಳದಾಗೆ. ಸೂಜಿ ಮಾತ್ರ ನಂದೇ" ಎಂದರು, ಹೆಮ್ಮೆಯಿಂದ. ಪುಡಿ ಕರಗಿಸಲು ಬಾಟಲಿ ಮುಚ್ಚಳದಲ್ಲಿಟ್ಟ ನೀರಿಗೆ ಒಬ್ಬರ ಸೂಜಿ ಅದ್ದಿದ ಮೇಲೆ ಇನ್ನೊಬ್ಬರದು ಇಳಿದರೆ ರಕ್ತವೂ ಜೊತೆಗೇ ದಾಟುತ್ತದೆ. ಆ ಪ್ರಶ್ನೆ ನಮ್ಮ ಪಟ್ಟಿಗೆ ಸೇರಿತು. ಅಂದಿನಿಂದ ಹೊಸ ಸೂಜಿಯ ಜೊತೆ ಒಬ್ಬೊಬ್ಬರಿಗೂ ಬೇರೆ ನೀರು, ಬೇರೆ ಮುಚ್ಚಳ ಕೊಡತೊಡಗಿದೆವು.

ಆ ಚಾಲಕರಿಗೆ ಮಾತ್ರ ಸೋಂಕು ಆಗಲೇ ತಗುಲಿತ್ತು. ವರದಿ ಕೇಳಿದವರೇ ಎದ್ದು ಹೋದರು; ಎಷ್ಟು ಸಲ ಮಾಡಿದರೂ ಫೋನ್ ತೆಗೆಯಲಿಲ್ಲ. ವಾರ ಕಳೆದ ಮೇಲೆ, ನಾನೂ ಇದ್ದಾಗಲೇ, ಅಣ್ಣನ ಅಂಗಡಿಗೆ ಬಂದು ನಿಂತರು. "ನೀನು ಕರ್ಕೊಂಡು ಹೋಗ್ದೆ ಇದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ನೆಮ್ಮದಿಯಾಗಿರ್ತಿದ್ದೆ" ಎಂದರು.

ಅಣ್ಣ ಕೈ ಒರೆಸಿಕೊಂಡು, ಸ್ಪ್ಯಾನರ್ ಡಬ್ಬಿಯ ತಳದಿಂದ ಮಾತ್ರೆ ಬಾಟಲಿಯೊಂದನ್ನು ತೆಗೆದರು. "ನಂಗೂ ಅದೇ ಐತೆ ಕಣ್ಲಾ. ಇದ್ನೇ ನುಂಗ್ತಾ ಇದ್ದೀನಿ. ಒಂಬತ್ತು ವರ್ಷ ಆಯ್ತು. ಸತ್ತಂಗೆ ಕಾಣ್ತೀನಾ?"

ಅದು ನನಗೂ ಗೊತ್ತಿರಲಿಲ್ಲ. ಬೆಂಚಿನ ಮೇಲೆ ಕಾಯುತ್ತಿದ್ದ ಇಬ್ಬರು ಗಿರಾಕಿಗಳೂ ಕೇಳಿಸಿಕೊಂಡರು. ಅಣ್ಣ ಅವರ ಕಡೆ ತಿರುಗಲೇ ಇಲ್ಲ. ಷಟರ್ ಎಳೆದು, ಚಾಲಕರನ್ನು ಕರೆದುಕೊಂಡು ತುಮಕೂರಿನ ಚಿಕಿತ್ಸಾ ಕೇಂದ್ರಕ್ಕೆ ಬಸ್ಸು ಹತ್ತಿದರು. ಗಿರಾಕಿಗಳ ಮುಂದೆ ಯಾಕೆ ಹೇಳಿದಿರಿ ಎಂದು ಆಮೇಲೆ ಕೇಳಿದೆ. "ಮೊದಲ್ನೇ ದಿನ ತುಮಕೂರಿಗೆ ನನ್ ಜೊತೆ ಯಾರೂ ಬಂದಿರ್ಲಿಲ್ಲ ಮೇಡಮ್ನೋರೆ" ಎಂದಷ್ಟೇ ಹೇಳಿದರು.

ಹೋದ ವರ್ಷ ಲಿವರ್ ಕೆಟ್ಟು ಅಣ್ಣ ತೀರಿಕೊಂಡರು. ಅದೂ ಹಳೆಯ ಸೂಜಿಗಳ ಕಾಲದಲ್ಲಿ ತಗುಲಿದ್ದ ಇನ್ನೊಂದು ಸೋಂಕಿನಿಂದ. ಒಂದು ಉತ್ತರ ತೀರಾ ಸಲೀಸಾಗಿ ಬಂದರೆ ಪೆನ್ನು ಕೆಳಗಿಟ್ಟು, ಪ್ರಶ್ನೆ ಸರಿಯಿತ್ತೇ ಎಂದು ಯೋಚಿಸುವುದನ್ನು ನಾನು ಕಲಿತದ್ದು ಅವರಿಂದ.

ಆಟೊ ಚಾಲಕರು ಮಾತ್ರೆ ತಪ್ಪಿಸಿಲ್ಲ, ಸೂಜಿ ಬಿಟ್ಟಿದ್ದಾರೆ. ಹೊಸಬರು ಯಾರಾದರೂ ಮೊದಲ ಸಲ ತುಮಕೂರಿಗೆ ಹೊರಟರೆ, ಆಟೊ ಮನೆ ಮುಂದೆ ನಿಲ್ಲಿಸಿ ಬಂದು, ಬಸ್ಸಿನಲ್ಲಿ ಅವರ ಪಕ್ಕ ಕೂರುತ್ತಾರೆ.